ಮೆನ್ ಅಟ್ ವರ್ಕ್ ಬೋರ್ಡಿನ ಕೆಳಗೆ ನಾಲ್ಕು ಹೆಸರು

ನಮ್ಮ ನಿವೃತ್ತರ ಸಂಘದ ಇಬ್ಬರು ಮನೆಗೆ ಬಂದು, "ಗುತ್ಯಪ್ಪೋರೇ, ಹೊಸದಾಗಿ ಲೈನಿಗೆ ಸೇರೋರಿಗೆ ನಿಮ್ಮ ಅನುಭವ ಬರ್ಕೊಡಿ" ಎಂದಾಗ ನನಗೆ ಸಂತೋಷವೇನೂ ಆಗಲಿಲ್ಲ. ಮೊದಲು ಬಂದದ್ದು ಅನುಮಾನ. ಇಷ್ಟು ಜನ ಇರುವಾಗ ನನ್ನನ್ನೇ ಯಾಕೆ ಹಿಡಿದರು? ಬರೆಸಿಕೊಂಡು ಹೋಗಿ ಯಾರಿಗೆ ತೋರಿಸುತ್ತಾರೆ? ನನ್ನ ಹೆಂಡತಿ ಸರೋಜ ಒಳಗಿನಿಂದಲೇ, "ಬಂದೋರಿಗೆ ಈಗ್ಲೇ ಕಾಫಿ ಕೊಡ್ಲಾ, ಇಲ್ಲ ನಿಮ್ಮ ವಿಚಾರಣೆ ಮುಗಿದ್ಮೇಲೆ ಕೊಡ್ಲಾ?" ಎಂದು ಕೇಳಿದಳು. ಬಂದವರು ನಕ್ಕರು. ನಾನು ನಗಲಿಲ್ಲ, ಆದರೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಹೌದು, ನಾನು ಅನುಮಾನದ ಮನುಷ್ಯ. ಗ್ಯಾಸ್ ಆಫ್ ಮಾಡಿದ್ದನ್ನು ಮೂರು ಸಲ ಹೋಗಿ ನೋಡುತ್ತೇನೆ. ಬಸ್ಸಿನ ಹಣೆಯ ಮೇಲೆ ಸೊರಬ ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳಿಯೇ ಹತ್ತುತ್ತೇನೆ. ಇದು ನನ್ನ ಹುಟ್ಟುಗುಣವಲ್ಲ, ಕೆಲಸ ಅಂಟಿಸಿದ್ದು. ಶಿಕಾರಿಪುರ, ಸೊರಬ ಎರಡು ತಾಲ್ಲೂಕುಗಳಲ್ಲಿ ಕರೆಂಟ್ ಕಂಬ ಹತ್ತಿ ಇಳಿದು ತಲೆ ಬೆಳ್ಳಗಾದವನು ನಾನು. ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ನಾನಿಲ್ಲಿ ಹೇಳಹೊರಟಿರುವುದು ಮೂರು ಇಂಗ್ಲಿಷ್ ಪದಗಳ ಸಂಗತಿ, ಮತ್ತು ಆ ಪದಗಳನ್ನು ನಂಬಿ ಕೂತವರಿಗೆ ನಾನು ಹೇಳಿದ ಒಂದು ಸುಳ್ಳಿನ ಸಂಗತಿ. ಆ ಸುಳ್ಳಿನಿಂದ ಒಬ್ಬ ಗೆಳೆಯನ ಜೀವ ಹೋಗುವುದರಲ್ಲಿತ್ತು. ಒಬ್ಬ ಹೆಂಗಸಿನ ಒಳ್ಳೆಯ ಹೆಸರು ಹೋಗಿಯೇ ಹೋಯಿತು.

ಆ ಮೂರು ಪದ, ಮೆನ್ ಅಟ್ ವರ್ಕ್. ಕೆಂಪು ತಗಡಿನ ಮೇಲೆ ಬಿಳಿ ಅಕ್ಷರ. ರಸ್ತೆ ಅಗೆಯುವವರ ಹತ್ತಿರವೂ ಈ ಬೋರ್ಡು ಇರುತ್ತದೆ, ಅಲ್ಲಿ ಅದರ ಅರ್ಥ ನಿಧಾನವಾಗಿ ಹೋಗಿ ಎಂದಷ್ಟೇ. ನಮ್ಮಲ್ಲಿ ಹಾಗಲ್ಲ. ತಂತಿಯ ಮೇಲೆ ಕೆಲಸ ಮಾಡಬೇಕಾದರೆ ಮೊದಲು ಕರೆಂಟ್ ಸ್ಟೇಷನ್ನಿನಲ್ಲಿ ಆ ಲೈನಿನ ಕರೆಂಟು ತೆಗೆಯಬೇಕು. ಅದಕ್ಕೆ ಲೈನ್ ಕ್ಲಿಯರ್ ತಗೊಳ್ಳೋದು ಎನ್ನುತ್ತೇವೆ. ಸ್ಟೇಷನ್ನಿನ ಆಪರೇಟರು ಆ ಲೈನಿನ ದೊಡ್ಡ ಸ್ವಿಚ್ಚನ್ನು, ಅಂದರೆ ಬ್ರೇಕರನ್ನು, ತೆಗೆದು, ಅದಕ್ಕೆ ಈ ಬೋರ್ಡು ನೇತುಹಾಕುತ್ತಾರೆ. ತಂತಿಯ ಮೇಲೆ ಯಾರದೋ ಕೈ ಇದೆ, ಇದನ್ನು ಮುಟ್ಟಬೇಡ ಎಂದು ಅದರ ಅರ್ಥ. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ಲೈನ್‌ಮನ್ ಫೋನು ಮಾಡಿ ಕ್ಲಿಯರ್ ವಾಪಸ್ ಕೊಡಬೇಕು. ಆಗ ಬೋರ್ಡು ಇಳಿಯುತ್ತದೆ, ಕರೆಂಟು ಹರಿಯುತ್ತದೆ. ಆ ಎರಡು ಫೋನುಗಳ ನಡುವಿನ ಹೊತ್ತಿನಲ್ಲಿ ನಾವು ಆಪರೇಟರನ್ನು ನಂಬಿ ಮೇಲಿರುತ್ತಿದ್ದೆವು.

ಇಂಥ ಮಾತನ್ನು ನಮ್ಮವರು ಎಲ್ಲೆಲ್ಲಿ ಬಳಸುತ್ತಿದ್ದರು ಎಂದು ಕೇಳಬೇಡಿ. ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ಮಲಗಿದವನನ್ನು ತೋರಿಸಿ, "ಎಬ್ಬಿಸ್ಬ್ಯಾಡ್ರೋ, ಮೆನ್ ಅಟ್ ವರ್ಕ್" ಎನ್ನುತ್ತಿದ್ದರು. ನನ್ನ ಮೊದಲ ಸೆಕ್ಷನ್ ಆಫೀಸರು ಮಧ್ಯಾಹ್ನ ಊಟವಾದ ಮೇಲೆ ಒಂದು ಬೋರ್ಡನ್ನು ತಮ್ಮ ಕೋಣೆಯ ಬಾಗಿಲಿಗೇ ನೇತುಹಾಕಿಕೊಂಡು ಕುರ್ಚಿಯಲ್ಲಿ ನಿದ್ದೆ ಹೊಡೆಯುತ್ತಿದ್ದರು. ಶಿರಾಳಕೊಪ್ಪದ ಪೇಟೆಯಲ್ಲಿ ಒಬ್ಬ ಗುತ್ತಿಗೆದಾರ ಕೇಬಲ್ಲಿಗೆಂದು ಗುಂಡಿ ತೋಡಿಸಿ, ಬೋರ್ಡು ನಿಲ್ಲಿಸಿ, ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಗುಂಡಿಯಲ್ಲಿ ಆಡುಗಳು ಮಲಗುತ್ತಿದ್ದವು. ಸಂತೆಗೆ ಬಂದವರು ಆ ಬೋರ್ಡಿಗೆ ಎಮ್ಮೆ ಕಟ್ಟುತ್ತಿದ್ದರು. ಬೋರ್ಡು ಇದ್ದ ಕಡೆ ಮನುಷ್ಯನೂ ಇಲ್ಲ, ಕೆಲಸವೂ ಇಲ್ಲ ಎಂಬುದನ್ನು ಅಲ್ಲಿ ಕಲಿತೆ.

ಬೋರ್ಡು ಇಲ್ಲದ ಕಡೆ ಮನುಷ್ಯ ಇರುತ್ತಾನೆ ಎಂಬುದನ್ನು ಕಲಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಅದನ್ನು ಕಲಿಸಿದವರು ರೈತರು. ನಾವು ಎಲ್ಲೋ ಕಂಬ ಹತ್ತಿದ್ದೇವೆ, ಲೈನು ಸತ್ತಿದೆ ಎಂದು ಸುದ್ದಿ ಸಿಕ್ಕಿದ ಕೂಡಲೇ ಮೈಲಿ ದೂರದ ಹೊಲದಲ್ಲಿ ಇನ್ನೊಬ್ಬ ತನ್ನ ಟ್ರಾನ್ಸ್‌ಫಾರ್ಮರ್ ಕಂಬ ಹತ್ತಿ ಸುಟ್ಟ ಫ್ಯೂಸು ಕಟ್ಟುತ್ತಿರುತ್ತಾನೆ. ನಾವು ತೆಗೆದುಕೊಂಡ ಕ್ಲಿಯರ್ ಮೇಲೆ ಅವನ ಕೆಲಸ. ಒಮ್ಮೆ ಒಬ್ಬನನ್ನು ಹಿಡಿದು ಬೈದಾಗ, "ಹೆಂಗೂ ತೆಗ್ದೀರಲ್ರೀ, ನಂದೂ ಒಂದಿಷ್ಟು ಆಗ್ಲಿ ಅಂತ ಹತ್ತಿದೆ" ಎಂದು ನನಗೇ ಬುದ್ಧಿ ಹೇಳಿದ. "ನಾವು ಇಳಿದಿದ್ದು ನಿಂಗೆ ಹೆಂಗೆ ಗೊತ್ತಾಗತ್ತೆ ಮಾರಾಯ?" ಎಂದರೆ, "ನಿಮ್ಮ ಬೈಕು ಕಾಣ್ತದಲ್ರೀ" ಎಂದ. ಬೈಕಿನ ಮೇಲೆ ಜೀವ ಇಟ್ಟಿದ್ದ ಪುಣ್ಯಾತ್ಮ.

ಇನ್ನೊಂದು ಸಲ ಸೊರಬದ ಕಡೆ, ಕ್ಲಿಯರ್ ಪಕ್ಕಾ ಇದೆ, ಬೋರ್ಡು ಬಿದ್ದಿದೆ ಎಂದು ಖಾತರಿ ಮಾಡಿಕೊಂಡು ಮನೆಗಳಿಗೆ ಹೋಗುವ ತಂತಿಗೆ ಕೈ ಹಾಕಿದ ನನಗೆ ಮೊಣಕೈವರೆಗೆ ಒದೆ ಬಿತ್ತು. ಬೆಲ್ಟು ಇದ್ದದ್ದರಿಂದ ನೇತಾಡಿಕೊಂಡು ಉಳಿದೆ. ಆಮೇಲೆ ನೋಡಿದರೆ ಹತ್ತಿರದ ಮದುವೆ ಛತ್ರದಲ್ಲಿ ಜನರೇಟರ್ ಓಡಿಸಿದ್ದಾರೆ, ಮೇನ್ ಸ್ವಿಚ್ಚು ತೆಗೆದಿಲ್ಲ. ಅವರ ಕರೆಂಟು ಹಿಂದಿನಿಂದ ನಮ್ಮ ತಂತಿಗೆ ಬಂದಿದೆ. ಛತ್ರದವನು ಕೈ ಮುಗಿದು, ಊಟ ಮಾಡಿಕೊಂಡು ಹೋಗಿ ಎಂದ. ಆವತ್ತಿನಿಂದ ಸ್ಟೇಷನ್ನಿನವರು ಸತ್ತಿದೆ ಎಂದರೂ ಟೆಸ್ಟ್ ಮಾಡಿ, ಎರಡೂ ಕಡೆ ತಂತಿಯನ್ನು ಭೂಮಿಗೆ ಕಟ್ಟದೆ ನಾನು ಮುಟ್ಟಿದ್ದಿಲ್ಲ. ಜೊತೆಯವರು, "ಇವ್ನು ಹೆಣಾನೂ ಎಬ್ಬಿಸಿ ಕೇಳ್ತಾನೆ" ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ನನಗಿಂತ ದೊಡ್ಡ ಅನುಮಾನಿಯೊಬ್ಬರು ಸಿಕ್ಕಿದ್ದು ನಾನು ಶಿಕಾರಿಪುರದ ಕಡೆಗೆ ವರ್ಗವಾಗಿ ಹೋದಾಗ. ಆ ಭಾಗದ ಸ್ಟೇಷನ್ನಿನಲ್ಲಿ ಆಪರೇಟರಾಗಿದ್ದ ವಿಜಯಮ್ಮ. ಮೂಲ ಸೊರಬದವರು. ಹತ್ತಿರ ಹತ್ತಿರ ಹತ್ತು ವರ್ಷ ನಾವಿಬ್ಬರೂ ದಿನವೂ ಮಾತಾಡಿದ್ದೇವೆ, ಆದರೆ ಒಂದು ಸಲವೂ ಮುಖ ನೋಡಿರಲಿಲ್ಲ. ಅವರು ಸ್ಟೇಷನ್ನು ಬಿಟ್ಟು ಹೊರಗೆ ಬರುವಂತಿಲ್ಲ, ನಾನು ಲೈನು ಬಿಟ್ಟು ಹೋಗುವಂತಿಲ್ಲ. ನಮ್ಮದೆಲ್ಲ ಫೋನಿನಲ್ಲೇ.

ಮೊದಲ ದಿನ ನಾನು ಕ್ಲಿಯರ್ ಕೇಳಿದಾಗ ಅವರು, "ಎಷ್ಟು ಜನ ಹತ್ತುತೀರಿ?" ಎಂದರು.

"ಅದೆಲ್ಲ ಎಂತಕ್ಕೆ ಮೇಡಂ? ಮೆನ್ ಅಟ್ ವರ್ಕ್ ಹಾಕಿ ಸಾಕು" ಎಂದೆ.

"ಮೆನ್ ಅಂದ್ರೆ ಎಷ್ಟು ಜನ? ಇಬ್ಬರಾ, ಇಪ್ಪತ್ತಾ? ಆ ಬೋರ್ಡು ಹೇಳಲ್ಲ. ಯಾರು ಅಂತನೂ ಹೇಳಲ್ಲ. ನನಗೆ ಹೆಸರು ಬೇಕು."

"ನಾನು ಹೇಳ್ತೀನಲ್ಲ."

"ನೀವು ಹೇಳೋದು ಬೇಡ. ಒಬ್ಬೊಬ್ಬರೂ ಫೋನ್ ತಗೊಂಡು ಅವರವರ ಹೆಸರು ಅವರೇ ಹೇಳಲಿ. ಇಳಿದ ಮೇಲೂ ಹಾಗೇ. ನನಗೆ ಅವರ ದನಿ ಕೇಳಬೇಕು."

ನಿಯಮದಲ್ಲಿ ಹೀಗೆಲ್ಲ ಇರಲಿಲ್ಲ. ನಿಯಮದ ಪ್ರಕಾರ ನಾನೊಬ್ಬ ಕೊಟ್ಟರೆ ಸಾಕು. ಆದರೆ ಅವರು ಒಂದು ಸ್ಲೇಟು ಇಟ್ಟುಕೊಂಡಿದ್ದರಂತೆ. ಬೋರ್ಡಿನ ಕೆಳಗೆ ಆ ಸ್ಲೇಟು ತೂಗುಹಾಕಿ ಹೆಸರು ಬರೆಯುವುದು, ಇಳಿದವನ ದನಿ ಕೇಳಿದ ಮೇಲೆ ಆ ಹೆಸರು ಒರೆಸುವುದು. ಸ್ಲೇಟು ಖಾಲಿಯಾಗದೆ ಬ್ರೇಕರ್ ಮುಟ್ಟುತ್ತಿರಲಿಲ್ಲ. ನಾನು ಒಳಗೊಳಗೇ ಬೈದುಕೊಂಡೆ. ಈ ಹೆಂಗಸು ನನ್ನ ಮೇಲೆ ಯಾಕೆ ಅನುಮಾನ ಪಡುತ್ತದೆ ಎಂದು ನನಗೆ ಅನುಮಾನ. ಒಮ್ಮೆ ಕೇಳಿಯೂ ಬಿಟ್ಟೆ. "ನಿಮ್ಮ ಮೇಲೆ ಅಂತ ಅಲ್ಲ ಮಾರಾಯ್ರೇ, ಎಲ್ಲರ ಮೇಲೂ. ಬೋರ್ಡಲ್ಲಿ ಮೆನ್ ಅಂತ ಬರೆದು ನನ್ನನ್ನ ಇಲ್ಲಿ ಕೂರಿಸಿದಾರಲ್ಲ, ಅವರ ಮೇಲೂ" ಎಂದು ನಕ್ಕರು. ಅವರು ನಕ್ಕದ್ದನ್ನು ಕೇಳಿದ್ದು ಅದೇ ಮೊದಲು.

ನಮ್ಮ ತಂಡದಲ್ಲಿ ನಾಲ್ಕು ಜನ. ನಾನು, ಮಂಜಪ್ಪ, ಬಸವಣ್ಯಪ್ಪ, ಮತ್ತೆ ಫಕ್ಕೀರಪ್ಪ. ಫಕ್ಕೀರಪ್ಪ ಹೊನ್ನಾಳಿ ರಸ್ತೆ ಕಡೆಯ ಬಯಲುಸೀಮೆಯವನು, ಕುರಿ ಸಾಕುವ ಮನೆತನ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಬಾಯಿ ತೆರೆದರೆ ಐತಿ, ಆತು, ಹೊಂಟೀನಿ. ನಾನು ಅವನ ದನಿಯನ್ನು ಥೇಟ್ ಅವನ ಹಾಗೆಯೇ ಅನುಕರಿಸುತ್ತಿದ್ದೆ, ಅವನ ಹೆಂಡತಿ ಗಂಗವ್ವನೇ ಒಂದು ಸಲ ಫೋನಿನಲ್ಲಿ ಮೋಸ ಹೋಗಿದ್ದಳು. ಅವನ ಮನೆ ನನಗೆ ಸ್ವಂತ ಮನೆಯ ಹಾಗಿತ್ತು. ರೊಟ್ಟಿ, ಕಾರದ ಚಟ್ನಿ, ಬೆಣ್ಣೆ, ತಟ್ಟೆ ಖಾಲಿಯಾಗಲು ಗಂಗವ್ವ ಬಿಡುತ್ತಿರಲಿಲ್ಲ. ಹೆಸರು ಹೇಳುವ ಶಾಸ್ತ್ರದಲ್ಲಿ ನಾವು ಮೂವರೂ ಒಂದೊಂದು ಪದ ಉಗುಳಿ ಮುಗಿಸಿದರೆ, ಇವನು ಮಾತ್ರ ಪ್ರತಿ ಸಲವೂ, "ನಮಸ್ಕಾರ್ರೀ ಅಮ್ಮಾರ, ಫಕ್ಕೀರಪ್ಪ ರೀ. ಕೆಳಗದೀನಿ. ಊಟ ಆತ್ರಿ?" ಎಂದು ಕೇಳದೆ ಫೋನು ಕೊಡುತ್ತಿರಲಿಲ್ಲ. ಅವರೂ ಆಯಿತೆಂದೋ ಇನ್ನೂ ಇಲ್ಲವೆಂದೋ ಹೇಳುತ್ತಿದ್ದರು.

ಈಗ ಆ ದಿನಕ್ಕೆ ಬರುತ್ತೇನೆ. ಬೇಸಿಗೆ. ಅಂಬ್ಲಿಗೊಳದ ಕಡೆ ಹೋಗುವ ಲೈನಿನಲ್ಲಿ ಒಂದು ಕಂಬದಲ್ಲಿ ತಂತಿ ಕೂರುವ ಪಿಂಗಾಣಿ ಒಡೆದು ಬೆಳಗಿನಿಂದ ಕರೆಂಟಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಡುವುದು ಮಧ್ಯಾಹ್ನ ಎರಡರ ತನಕ ಮಾತ್ರ. ಬೇಸಿಗೆ ಭತ್ತ ಹಾಕಿದವರು ಹದಿನೈದು ಇಪ್ಪತ್ತು ಜನ ರಸ್ತೆ ಬದಿಯಲ್ಲಿ ನಮ್ಮನ್ನೇ ನೋಡುತ್ತ ಕೂತಿದ್ದಾರೆ. ಸೆಕ್ಷನ್ ಆಫೀಸರು ಮೂರು ಸಲ ಫೋನು ಮಾಡಿ, "ಏನ್ರೀ ಗುತ್ಯಪ್ಪ, ಕಂಬದ ಮೇಲೇ ಸಂಸಾರ ಹೂಡಿದೀರಾ?" ಎಂದಿದ್ದಾರೆ. ಹನ್ನೆರಡರ ಸುಮಾರಿಗೆ ಕೆಲಸ ಮುಗಿಯಿತು. ಫಕ್ಕೀರಪ್ಪ ಇಳಿದು ಬೆಲ್ಟನ್ನು ಹೆಗಲಿಗೆ ಹಾಕಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಭೂಮಿಗೆ ಕಟ್ಟಿದ್ದ ತಂತಿಗಳನ್ನೆಲ್ಲ ಬಿಚ್ಚಿಸಿ, ಎಣಿಸಿ ಚೀಲಕ್ಕೆ ಹಾಕಿಸಿದೆ. ಫೋನು ಹಚ್ಚಿದೆ.

ನಾನು ಹೆಸರು ಹೇಳಿದೆ. ಮಂಜಪ್ಪ ಹೇಳಿದ. ಬಸವಣ್ಯಪ್ಪ ಹೇಳಿದ. ಫಕ್ಕೀರಪ್ಪನಿಗೆ ಕೊಡೋಣವೆಂದು ತಿರುಗಿದರೆ ಅವನಿಲ್ಲ. "ಅವ್ರ ಸಂಬಂಧಿಕರ ಕುರಿಹಟ್ಟಿ ಇಲ್ಲೇ ಎಲ್ಲೋ ಐತಿ ಅಂತಿದ್ದ, ಮಜ್ಜಿಗೆಗೆ ಹೋಗಿರ್ಬೇಕು" ಎಂದ ಬಸವಣ್ಯಪ್ಪ. ಹೊರಡೋಣ ಎಂದು ಮಂಜಪ್ಪ ಕೈಸನ್ನೆ ಮಾಡುತ್ತಿದ್ದಾನೆ. ರೈತರು ಎದ್ದು ನಿಂತಿದ್ದಾರೆ. ಆ ಕಡೆ ವಿಜಯಮ್ಮ, "ನಾಲ್ಕನೆಯವರು?" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. "ಫಕ್ಕೀರಪ್ಪ ರೀ. ಕೆಳಗದೀನ್ರಿ" ಎಂದೆ.

ಮೂವತ್ತು ವರ್ಷ ಪ್ರಪಂಚದ ಮೇಲೆಲ್ಲ ಅನುಮಾನ ಪಟ್ಟವನಿಗೆ ಆ ಗಳಿಗೆಯಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ಇಳಿದದ್ದನ್ನು ನೋಡಿದ್ದೇನೆ, ಇನ್ನೇನು ಬೇಕು ಎಂದುಕೊಂಡೆ. ಮಂಜಪ್ಪ, ಬಸವಣ್ಯಪ್ಪ ಇಬ್ಬರೂ ನನ್ನ ದನಿ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ಹುಬ್ಬು ಹಾರಿಸಿದೆ.

ವಿಜಯಮ್ಮ, "ಸರಿ" ಎಂದರು. ಒಂದೆರಡು ನಿಮಿಷ ಕಳೆದು ಅವರೇ ಫೋನು ಮಾಡಿದರು. "ಗುತ್ಯಪ್ಪೋರೇ, ಬ್ರೇಕರ್ ಹಿಡೀತಾ ಇಲ್ಲ. ಅರ್ಧ ಗಂಟೆ ಆಗಬಹುದು. ನಿಮ್ಮ ಜನಾನ ಹತ್ತಿರ ಇಟ್ಕೊಂಡಿರಿ."

ನನಗೆ ರೇಗಿಹೋಯಿತು. ನಿನ್ನೆಯವರೆಗೂ ಸರಿಯಿದ್ದ ಬ್ರೇಕರ್ ಈಗ ಯಾಕೆ ಹಿಡಿಯಲ್ಲ? ಬೇಕಂತಲೇ ಆಟ ಆಡಿಸುತ್ತಿದ್ದಾರೆ ಎಂದು ಅನುಮಾನವಾಯಿತು. ರೈತರು ಬೈಯಲು ಶುರುಮಾಡಿದರು. ಕೆಲವರು ಬೈಕು ಹತ್ತಿ ಸೆಕ್ಷನ್ ಆಫೀಸಿಗೇ ಹೊರಟರು. ಬೈಸಿಕೊಳ್ಳುವುದು ಬೇಡವೆಂದು ನಾನು ಕಾಲುವೆಯ ಏರಿಯ ಮೇಲೆ ನಡೆಯುತ್ತ ತಿರುವಿನ ಆಚೆ ಹೋದೆ.

ಅಲ್ಲಿ ಮೂರನೆಯ ಕಂಬದ ಮೇಲೆ ಫಕ್ಕೀರಪ್ಪ ಇದ್ದ.

ಕಾಲು ಕಂಬಕ್ಕೆ ಸುತ್ತಿದ್ದ. ಬೆಲ್ಟು ಹಾಕಿದ್ದ. ಎರಡೂ ಕೈಯಲ್ಲಿ ತಂತಿ ಹಿಡಿದು ಬಿಗಿಯುತ್ತಿದ್ದ. ಕೆಳಗೆ ಒಬ್ಬ ರೈತ ಕತ್ತೆತ್ತಿಕೊಂಡು, "ಇನ್ನೊಂಚೂರು ಬಿಗೀರಿ, ಗಾಳಿ ಬಂದ್ರೆ ಕಿಡಿ ಹಾರ್ತದೆ" ಎಂದು ಹೇಳುತ್ತಿದ್ದ. ಹೆಂಗೂ ಲೈನು ತೆಗೆದಿದೆ, ನಂದೂ ಒಂದಿಷ್ಟು ಮಾಡಿಕೊಡಿ ಎಂದು ಅವನು ಕೇಳಿದ್ದಾನೆ, ಇವನು ಹತ್ತಿದ್ದಾನೆ. ನಾವು ಇನ್ನೂ ಚೀಲ ಕಟ್ಟುತ್ತಿದ್ದೇವೆ, ತನ್ನ ದನಿ ಕೇಳದೆ ಅಮ್ಮಾರು ಬಿಡುವುದಿಲ್ಲ ಎಂದು ಅವನ ಧೈರ್ಯ. ಕೂಗಿದರೆ ಗಾಬರಿಯಿಂದ ಕೈ ಜಾರೀತು ಎಂದು ಕೂಗಲಿಲ್ಲ. ಕಂಬದ ಬುಡಕ್ಕೆ ಹೋಗಿ, "ಇಳಿಯೋ, ಹೊತ್ತಾಯ್ತು" ಎಂದೆ.

ಇಳಿದು ಬಂದವನು, "ಯಾಕಣ್ಣ, ಮುಖ ಯಾಕ ಹಿಂಗ ಬೆಳ್ಳಗಾಗೇತಿ?" ಎಂದ.

"ಬಿಸಿಲು" ಎಂದೆ.

ಅವನು ತನ್ನ ಫೋನು ತೆಗೆದು ತಾನೇ ಹಚ್ಚಿದ. "ನಮಸ್ಕಾರ್ರೀ ಅಮ್ಮಾರ, ಫಕ್ಕೀರಪ್ಪ ರೀ. ಕೆಳಗದೀನಿ. ಊಟ ಆತ್ರಿ?" ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅವನು ಫೋನು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಹೊಲದ ಪಂಪುಗಳು ಒಟ್ಟಿಗೆ ಗುಂಯ್ ಎಂದವು. ಬ್ರೇಕರ್ ಹಿಡಿದಿತ್ತು. ನನಗೆ ಆಗಲೇ ಗೊತ್ತಾಯಿತು, ಅದಕ್ಕೆ ಏನೂ ಆಗಿರಲಿಲ್ಲ ಎಂದು.

ಆದರೆ ಹೊರಗಿನವರಿಗೆ ಗೊತ್ತಾದದ್ದು ಬೇರೆ. ಲೈನ್‌ಮನ್ ಕ್ಲಿಯರ್ ವಾಪಸ್ ಕೊಟ್ಟ ಮೇಲೂ ಆಪರೇಟರು ಅರ್ಧ ಗಂಟೆ ಕರೆಂಟು ಬಿಡಲಿಲ್ಲ ಎಂದು ದೂರು ಮೇಲಿನವರೆಗೆ ಹೋಯಿತು. ಪರೀಕ್ಷೆ ಮಾಡುವವರು ಬಂದು ನೋಡಿದರು, ಬ್ರೇಕರ್ ಸರಿಯಾಗಿದೆ ಎಂದು ಬರೆದುಕೊಟ್ಟರು. ಹಾಗಾದರೆ ಆಪರೇಟರು ಸುಳ್ಳು ಹೇಳಿದ್ದಾರೆ. ವಿಜಯಮ್ಮನವರಿಗೆ ನೋಟೀಸು ಬಂತು. ವಿಚಾರಣೆಯಲ್ಲಿ ಅವರು, "ಆಗ ಹಿಡೀಲಿಲ್ಲ, ಆಮೇಲೆ ಹಿಡೀತು" ಎಂದಷ್ಟೇ ಹೇಳಿದರಂತೆ. ನನ್ನಿಂದ ಹೇಳಿಕೆ ಬರೆಸಿಕೊಂಡರು. ಬರೆದದ್ದು ಇಷ್ಟು: ನಾಲ್ಕು ಜನರೂ ಕೆಳಗಿದ್ದೆವು, ಹೊತ್ತಿಗೆ ಸರಿಯಾಗಿ ಕ್ಲಿಯರ್ ವಾಪಸ್ ಕೊಟ್ಟಿದ್ದೇನೆ, ತಡವಾದ ಕಾರಣ ನನಗೆ ತಿಳಿಯದು. ಕೆಳಗೆ ಸಹಿ. ಎರಡನೆಯ ಸಲ ಕರೆದಾಗಲೂ ಅದನ್ನೇ ಓದಿ, ಸರಿ ಎಂದು ಮತ್ತೆ ಸಹಿ ಹಾಕಿದೆ. ಕೈ ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಡುಗಲಿಲ್ಲ, ನನ್ನ ಕೆಲಸ ಉಳಿಯಿತಲ್ಲ ಎಂದು ಸಮಾಧಾನವಾಯಿತು.

ಮಂಜಪ್ಪ, ಬಸವಣ್ಯಪ್ಪ ಇಬ್ಬರೂ ನನ್ನ ಮುಖ ನೋಡಿ ಸುಮ್ಮನಾದರು. ನಾನು ಅವನ ದನಿಯಲ್ಲಿ ಮಾತಾಡಿದ್ದು ಫಕ್ಕೀರಪ್ಪನಿಗೆ ಗೊತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಯಾರೋ ವಿಜಯಮ್ಮನನ್ನು ಬೈದಾಗ ಅವನು ಗ್ಲಾಸು ಕುಕ್ಕಿ, "ಆ ಅಮ್ಮಾರು ಸುಳ್ಳು ಹೇಳೋ ಪೈಕಿ ಅಲ್ಲ. ಏನೋ ಐತಿ. ಅಲ್ಲೇನಣ್ಣ?" ಎಂದು ನನ್ನ ಕಡೆ ತಿರುಗಿದ. ನಾನು ಟೀ ಆರಿದೆಯೋ ಇಲ್ಲವೋ ಎಂದು ನೋಡಿಕೊಂಡೆ.

ಸುಳ್ಳು ವರದಿ ಎಂದು ಅವರ ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು. ಎರಡು ಬಸ್ಸು ಬದಲಿಸಿ ಹೋಗಬೇಕಾದ ಸ್ಟೇಷನ್ನಿಗೆ ಎತ್ತಿ ಹಾಕಿದರು. ಅವರ ಜಾಗಕ್ಕೆ ಬಂದವನು ಹೆಸರು ಕೇಳುತ್ತಿರಲಿಲ್ಲ. ಸ್ಲೇಟನ್ನು ಯಾರೋ ಮನೆಗೆ ಒಯ್ದರಂತೆ. ಈಗ ಕ್ಲಿಯರ್ ಮೊಬೈಲಿನಲ್ಲೇ ಬರುತ್ತದೆ, ಒಬ್ಬೊಬ್ಬರಿಗೂ ಬರುವ ನಂಬರು ಒತ್ತಿದರೆ ಮುಗಿಯಿತು, ದನಿ ಬೇಕಿಲ್ಲ ಎನ್ನುತ್ತಾರೆ. ಹೊಸದಾಗಿ ಸೇರುವವರೇ, ನಾಲ್ಕು ಜನರ ನಂಬರನ್ನು ಒಬ್ಬನೇ ಒತ್ತಬಹುದಲ್ಲ, ಅದನ್ನು ಯಾರಾದರೂ ಯೋಚನೆ ಮಾಡಿದ್ದಾರೋ ಇಲ್ಲವೋ ಕೇಳಿ ನೋಡಿ. ನನಗಂತೂ ಅನುಮಾನ.

ನಿವೃತ್ತನಾದ ಮೇಲೆ ಬೆಳಿಗ್ಗೆ ಎದ್ದು ಮಾಡಲು ಕೆಲಸವಿಲ್ಲದಾಗ ಆ ಕಂಬ ಕಣ್ಣ ಮುಂದೆ ಬಂದು ನಿಲ್ಲಲು ಶುರುವಾಯಿತು. ಕಡೆಗೆ ಒಂದು ದಿನ ವಿಜಯಮ್ಮನವರ ಮನೆ ಹುಡುಕಿಕೊಂಡು ಸೊರಬಕ್ಕೆ ಹೋದೆ. ಅವರೂ ನಿವೃತ್ತರಾಗಿ ಅಲ್ಲೇ ಇದ್ದರು. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಸಣ್ಣ ಹೆಂಗಸು, ದಪ್ಪ ಕನ್ನಡಕ. ಇಷ್ಟು ಸಣ್ಣವರೆಂದು ನಾನು ಅಂದುಕೊಂಡಿರಲಿಲ್ಲ. ಹೆಸರು ಹೇಳಿದೆ. ಕುರ್ಚಿ ತೋರಿಸಿದರು.

"ಆವತ್ತು ಫಕ್ಕೀರಪ್ಪ ಅಂತ ಮಾತಾಡಿದ್ದು ನಾನು" ಎಂದೆ. ಸುತ್ತಿ ಬಳಸಿ ಹೇಳುವ ಶಕ್ತಿ ಇರಲಿಲ್ಲ.

"ಗೊತ್ತು."

"ಹೆಂಗೆ ಗೊತ್ತಾಯ್ತು ಮೇಡಂ?"

"ನನ್ನ ಊಟ ಆಯ್ತಾ ಅಂತ ಆ ಮನುಷ್ಯ ಕೇಳದೇ ಇದ್ದಿದ್ದು ಆವತ್ತೊಂದೇ ದಿನ ಮಾರಾಯ್ರೇ."

"ಮತ್ತೆ ನನಗೆ ಅಲ್ಲೇ ಉಗೀಬಹುದಿತ್ತಲ್ಲ? ಬ್ರೇಕರ್ ಹಿಡೀತಿಲ್ಲ ಅಂತ ಎಂತಕ್ಕೆ ಹೇಳಿದ್ರಿ?"

"ಉಗಿದಿದ್ರೆ ಎಂತ ಮಾಡ್ತಿದ್ರಿ? ಅದೇ ದನೀಲಿ ಊಟ ಆತ್ರಿ ಅಂತಲೂ ಕೇಳ್ತಿದ್ರಿ. ಆಮೇಲೆ ನನಗೆ ಯಾವ ದನಿ ನಂಬೋದು ಅಂತಲೇ ಗೊತ್ತಾಗ್ತಿರಲಿಲ್ಲ. ಅದಕ್ಕೆ ಅವರೇ ಫೋನ್ ಮಾಡೋ ತನಕ ಕಾದೆ."

ಹುಣಸೆಬೀಜಗಳು ಒಂದೊಂದಾಗಿ ತಟ್ಟೆಗೆ ಬೀಳುತ್ತಿದ್ದವು. ನಾನು, "ವಿಚಾರಣೇಲಾದ್ರೂ ಹೇಳಬಹುದಿತ್ತು" ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀವು ಹೇಳ್ತೀರಿ ಅಂತ ಕಾದೆ. ಎರಡು ಸಲ ಕರೆದಿದ್ರು. ಎರಡು ಸಲಾನೂ ಕಾದೆ."

ಅಳು ಬಂತು. ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾನು ಎದ್ದು ನಿಂತಾಗ, "ಫಕ್ಕೀರಪ್ಪಂಗೆ ಹೇಳಿದ್ರಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ನನ್ನ ಹತ್ರ ಬಂದಿದ್ದು ಸುಲಭದ ಕೆಲಸ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಫಕ್ಕೀರಪ್ಪನ ಊರಿಗೆ ಹೋಗಲು ನನಗೆ ಮತ್ತೆ ಒಂದು ವಾರ ಹಿಡಿಯಿತು. ಅವನು ಸ್ವಂತ ಇಚ್ಛೆಯಿಂದ ಬೇಗ ನಿವೃತ್ತಿ ತೆಗೆದುಕೊಂಡು ಕುರಿ ನೋಡಿಕೊಂಡಿದ್ದ. ದೂರದಿಂದಲೇ ಕಂಡು, "ಬಾರಣ್ಣ, ಬಾ! ಏಯ್, ಗುತ್ಯಪ್ಪಣ್ಣ ಬಂದಾನ, ಚಾ ಇಡು" ಎಂದು ಒಳಗೆ ಕೂಗಿದ. ಗಂಗವ್ವ ನೀರು ತಂದು ಕೊಟ್ಟು, "ಭಾಳ ದಿನ ಆತಲ್ಲಣ್ಣ, ರೊಟ್ಟಿ ತಟ್ತೀನಿ, ಉಂಡೇ ಹೋಗ್ಬೇಕು" ಎಂದಳು. ಊಟದ ತನಕ ಕಾದರೆ ನಾನು ಹೇಳುವುದಿಲ್ಲ ಎಂದು ನನಗೆ ನನ್ನ ಮೇಲೆ ಅನುಮಾನ ಬಂತು. ಕೂತಲ್ಲೇ, ಇಬ್ಬರ ಎದುರಲ್ಲೇ, ನಡೆದದ್ದನ್ನೆಲ್ಲ ಹೇಳಿದೆ.

ಫಕ್ಕೀರಪ್ಪ ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ, "ಆವತ್ತಿಂದ ಇವತ್ತಿನ ತನಕ ನಮ್ಮ ಮನ್ಯಾಗ ಎಷ್ಟು ಸಲ ಉಂಡಿರಿ?" ಎಂದ. ನನ್ನನ್ನು ಅವನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ನಾನು ಎಣಿಸಲು ಹೊರಟೆ, ಲೆಕ್ಕ ಸಿಗಲಿಲ್ಲ.

"ಒಂದ್ ಸಲಾನೂ ಬಾಯಿಗೆ ಬರ್ಲಿಲ್ಲೇನ್ರಿ?"

ಗಂಗವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು ಹಾಗೆಯೇ ಇತ್ತು. "ಅಣ್ಣ, ಆ ತಾಯಿ ಮನಿ ಸೊರಬದಾಗ ಎಲ್ಲಿ ಬರ್ತೈತಿ?" ಎಂದು ಕೇಳಿದಳು. ಹೇಳಿದೆ. ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ತಿರುಗಬೇಕು ಎಂದು ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ, "ಬಿಸಿಲು ಏರೋದ್ರೊಳಗ ಹೋಗಿ ಬರ್ರಿ" ಎಂದಳು. ಫಕ್ಕೀರಪ್ಪ ಆಗಲೇ ಎದ್ದು ಕುರಿಗಳ ಕಡೆ ಹೋಗಿದ್ದ. ಅವನು ತಿರುಗಿ ನೋಡುತ್ತಾನೆಂದು ದಾರಿಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ನೋಡಲಿಲ್ಲ.

ಹತ್ತು ಹನ್ನೆರಡು ದಿನ ಕಳೆದು ವಿಜಯಮ್ಮನವರ ಫೋನು ಬಂತು. "ನಿನ್ನೆ ಫಕ್ಕೀರಪ್ಪ ಬಂದಿದ್ರು, ಹೆಂಡತಿ ಕರ್ಕೊಂಡು. ನನಗೊಂದು ಕಂಬಳಿ ತಂದಿದ್ರು. ಬೆಳಿಗ್ಗೆ ಬಂದೋರು ಸಂಜೆ ಬಸ್ಸಿಗೇ ಹೋಗಿದ್ದು. ನಮ್ಮನೇಲೇ ಊಟ ಮಾಡಿದ್ರು. ಮೂರೂ ಜನ ಕೂತು ಎಷ್ಟು ಮಾತಾಡಿದೀವಿ ಅಂದ್ರೆ ಗಂಟಲು ಕಟ್ಟಿದೆ ನನಗೆ" ಎಂದರು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, "ನನ್ನ ಬಗ್ಗೆ ಏನಂದ್ರು?" ಎಂದು ಕೇಳಿದೆ.

"ಏನೂ ಇಲ್ಲ ಗುತ್ಯಪ್ಪೋರೇ. ನಿಮ್ಮ ಹೆಸರು ಯಾರೂ ತೆಗೀಲಿಲ್ಲ."

ನನ್ನ ಜೀವಮಾನದಲ್ಲಿ ಇದು ನಿಜವೋ ಸುಳ್ಳೋ ಎಂದು ಮತ್ತೆ ಕೇಳದೆ ನಂಬಿದ ಮಾತು ಇದೊಂದೇ.